ನಲವತ್ತಮೂರು ಮನೆಯ ಹೇಳಿಕೆ

ಪ್ರೇಮಾವತಿಯಕ್ಕನ ವಿಷಯ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಒಳ್ಳೆಯವರ ಬಗ್ಗೆ ಬರೆಯುವಾಗ ಗೌರವ ಉಕ್ಕಬೇಕು, ಕಣ್ಣು ತುಂಬಬೇಕು ಎಂದೆಲ್ಲ ಹೇಳುತ್ತಾರೆ. ನನಗೆ ಮಂಡೆ ಬೆಚ್ಚವಾಗುತ್ತದೆ. ಎರಡು ವರ್ಷದ ಹಿಂದಿನ ಆ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ನೆನೆದರೆ ಈಗಲೂ ಎದೆ ಉರಿಯುತ್ತದೆ. ಬರಿಯ ಮಾತಿಗೆ ಹೇಳುತ್ತಿಲ್ಲ. ಅವರ ಜೊತೆ ಹನ್ನೊಂದು ದಿನ ಮನೆಮನೆ ಸುತ್ತಿ ಕುಡಿದ ಚಹಾಕ್ಕೆ ಪುತ್ತೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದಾರೆ.

ನಾನು ಸುಂದರ, ಬೆಟ್ಟಂಪಾಡಿಯವ. ಪುತ್ತೂರಿನಲ್ಲಿ ಕೃಷಿಕರೇ ಪಾಲು ಹಾಕಿ ಕಟ್ಟಿದ ಒಂದು ಕಂಪೆನಿ ಇದೆ. ಅದರಲ್ಲಿ ನನಗೆ ಕ್ಷೇತ್ರಾಧಿಕಾರಿ ಎಂಬ ದೊಡ್ಡ ಹೆಸರು ಮತ್ತು ಒಂದು ಹಳೆಯ ಬೈಕು ಕೊಟ್ಟಿದ್ದಾರೆ. ಪುತ್ತೂರು, ಸುಳ್ಯ, ಕಡಬ, ಮೂರೂ ತಾಲೂಕು ನನ್ನ ಸುತ್ತಾಟ. ಎಲ್ಲಿ ಊರವರು ಸೇರಿ ಏನಾದರೂ ಮಾಡುತ್ತೇವೆ ಅನ್ನುತ್ತಾರೋ ಅಲ್ಲಿಗೆ ಹೋಗಿ ಪಂಚಾಯತು, ಬ್ಯಾಂಕು, ಮಹಿಳಾ ಸಂಘ, ವ್ಯಾಪಾರಿ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವುದು ನನ್ನ ಕೆಲಸ. ಕೂರಿಸುವುದೇನೋ ಸುಲಭ. ಎದ್ದ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ನಡೆಯುವಂತೆ ಮಾಡುವುದಿದೆಯಲ್ಲ, ಅದಕ್ಕೆ ನನಗೆ ಕೊಡುವ ಸಂಬಳ ಏನೂ ಸಾಲದು.

ಪ್ರೇಮಾವತಿಯಕ್ಕನ ಮನೆ ಗುತ್ತಿಗಾರಿನಿಂದ ಒಳಗೆ, ಕಾಡಿನ ಅಂಚಿನಲ್ಲಿ. ಅರೆಭಾಷೆ ಮಾತಾಡುವ ಗೌಡರ ಮನೆ. ಅವರಿಗೆ ಆಗ ಐವತ್ತೆರಡು. ಓದಿದ್ದು ಏಳನೆಯ ಕ್ಲಾಸು. ಮೊದಲು ಬೀಡಿ ಕಟ್ಟುತ್ತಿದ್ದರು. ಗಂಡ ಜಯಪ್ರಕಾಶರಿಗೆ ಬೆನ್ನಿನ ತೊಂದರೆ ಶುರುವಾದ ಮೇಲೆ ರಬ್ಬರ್ ಟ್ಯಾಪಿಂಗ್ ಕತ್ತಿ ಕೈಗೆ ತೆಗೆದುಕೊಂಡರು. ಬೆಳಗ್ಗೆ ಮುನ್ನೂರು ಮರ ಟ್ಯಾಪ್ ಮಾಡಿ, ಹಾಲು ಸಂಗ್ರಹಿಸಿ, ಶೀಟು ಒತ್ತಿ, ಆಮೇಲೆ ಗಂಜಿ ಕುಡಿಯುವ ಹೆಂಗಸು. ಇಷ್ಟೆಲ್ಲ ಮಾಡಿಯೂ ಅವರಿಗೆ ಸಮಯ ಮಿಗುತ್ತದೆ. ಆ ಮಿಕ್ಕ ಸಮಯವೇ ನನ್ನ ಕಷ್ಟಕ್ಕೆ ಕಾರಣ.

ಆ ಊರಿನಲ್ಲಿ ಹಲಸು ಎಂದರೆ ಒಂದು ತಲೆನೋವು. ಮರ ತುಂಬ ಕಾಯಿ, ತಿನ್ನುವವರಿಲ್ಲ. ಮಾರ್ಚ್‌ನಲ್ಲಿ ಕೇರಳದ ಲಾರಿಯವರು ಬಂದು ಹೇಳಿದ ರೇಟಿಗೆ ಒಂದಷ್ಟು ಒಯ್ಯುತ್ತಾರೆ. ಉಳಿದದ್ದು ಹಣ್ಣಾಗಿ ಬೀಳುತ್ತದೆ, ಅದರ ಪರಿಮಳಕ್ಕೆ ಆನೆ ಬರುತ್ತದೆ. ಬಂದ ಆನೆ ಹಲಸು ತಿಂದು ಸುಮ್ಮನೆ ಹೋಗುತ್ತದೆಯೇ? ಬಾಳೆ, ತೆಂಗಿನ ಸಸಿ, ನೀರಿನ ಪೈಪು ಎಲ್ಲವನ್ನೂ ಮೆಟ್ಟಿ ಹೋಗುತ್ತದೆ. ಜನ ಬೇಸತ್ತು ಹಲಸಿನ ಮರಗಳನ್ನೇ ಕಡಿಯತೊಡಗಿದ್ದರು. ಆಗ ಈ ಅಕ್ಕ ಒಂದು ದಿನ ಬಸ್ಸು ಹತ್ತಿ ಪುತ್ತೂರಿಗೆ ಬಂದು ನನ್ನ ಮೇಜಿನ ಎದುರು ಕೂತರು.

"ಹಣ್ಣಾಗ್ಲಿಕ್ಕೆ ಬಿಟ್ರೆ ಆನೆ ಬರ್ತದೆ ಸುಂದರಣ್ಣ. ಕಾಯಿ ಇರುವಾಗಲೇ ನಾವೇ ಕೊಯ್ದು, ಸೊಳೆ ತೆಗ್ದು ಒಣಗಿಸಿ ಮಾರಿದ್ರೆ? ಆನೆಗೆ ಬರ್ಲಿಕ್ಕೆ ಕಾರಣವೇ ಇಲ್ಲ. ನಮ್ಗೆ ನಾಲ್ಕು ಕಾಸು ಕೂಡ ಆಯ್ತು."

ಇಪ್ಪತ್ತು ವರ್ಷದಿಂದ ಎಷ್ಟು ಸಭೆ, ಎಷ್ಟು ವರದಿ, ಎಷ್ಟು ಊಟ! ಆನೆಗೂ ಹಲಸಿಗೂ ಒಟ್ಟಿಗೇ ಪರಿಹಾರ ಯಾರ ತಲೆಗೂ ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ಆ ದಿನ ಅವರಿಗೆ ಕೈ ಮುಗಿಯಬೇಕು ಅನ್ನಿಸಿತ್ತು.

ಎಲ್ಲವೂ ಬೇಗ ಬೇಗ ಕೂಡಿ ಬಂತು. ಪಂಚಾಯತಿನವರು ಮುಚ್ಚಿ ಹೋಗಿದ್ದ ಹಾಲು ಸೊಸೈಟಿಯ ಕಟ್ಟಡ ಕೊಟ್ಟರು. ನಮ್ಮ ಕಂಪೆನಿ ಒಂದು ಯೋಜನೆಯಲ್ಲಿ ದೊಡ್ಡ ಡ್ರೈಯರ್ ತಂದಿತು. ಕಾಯಿಯೊಳಗಿನ ಸೊಳೆ ಬಿಡಿಸಲು ಊರಿನ ಮಹಿಳಾ ಸಂಘದ ಹನ್ನೊಂದು ಹೆಂಗಸರು ಸಿದ್ಧರಾದರು. ಕಾಯಿ ಸಾಗಿಸಲು, ಒಣಗಿದ್ದನ್ನು ಮಾರಲು ಕಡಬದ ಫಯಾಝ್ ಬಂದ. ಫಯಾಝನದ್ದು ಒಂದು ಪಿಕಪ್, ಎರಡು ಫೋನು, ಮಂಗಳೂರಿನಿಂದ ಕೋಝಿಕ್ಕೋಡಿನ ತನಕ ಪರಿಚಯ. ಇನ್ನು ಬೇಕಾದದ್ದು ಕಾಯಿ ಕೊಡುವ ಮನೆಗಳ ಒಪ್ಪಿಗೆ. ಈ ವರ್ಷ ಲಾರಿಯವರಿಗೆ ಕೊಡಬೇಡಿ, ನಮಗೆ ಇಟ್ಟುಕೊಳ್ಳಿ ಎಂದು ಹೇಳುವುದು. ಅಷ್ಟೇ.

"ಒಂದು ವಾಟ್ಸಾಪ್ ಗ್ರೂಪ್ ಮಾಡುವ ಅಕ್ಕ, ಅರ್ಧ ಗಂಟೆಯ ಕೆಲಸ" ಎಂದೆ.

ಅವರು ನನ್ನನ್ನು ನೋಡಿದ ರೀತಿಗೆ ನಾನು ಫೋನು ಕಿಸೆಗೆ ಹಾಕಿದೆ.

"ವಾಟ್ಸಾಪಲ್ಲಿ ಬಂದ್ರೆ ಅದು ಸುದ್ದಿ. ಹೇಳಿಕೆ ಅಲ್ಲ."

ನಮ್ಮ ಕಡೆ ಹೇಳಿಕೆ ಎಂದರೆ ಮನೆಗೆ ಹೋಗಿ ಬಾಯಿಮಾತಿನಲ್ಲಿ ಕರೆಯುವುದು. ಮದುವೆಯಿರಲಿ, ಗೃಹಪ್ರವೇಶವಿರಲಿ, ಕಾಗದ ಎಷ್ಟೇ ಚಂದ ಅಚ್ಚು ಹಾಕಿಸಿ, ಮನೆ ಬಾಗಿಲಿಗೆ ಹೋಗಿ ಹೇಳದಿದ್ದರೆ ಕರೆದಂತೆ ಅಲ್ಲ. ಅದು ನನಗೂ ಗೊತ್ತು, ನಾನೇನು ಹೊರದೇಶದವನಲ್ಲ. ಆದರೆ ಹಲಸಿನಕಾಯಿಗೆ ಹೇಳಿಕೆಯೇ? ಪ್ರೇಮಾವತಿಯಕ್ಕನ ಲೆಕ್ಕದಲ್ಲಿ ಅದಕ್ಕೇ ಬೇಕು. ಇದು ಎಲ್ಲರ ಕೆಲಸ, ಎಲ್ಲರೂ ಕರೆಸಿಕೊಂಡು ಬರಬೇಕು ಎಂಬುದು ಅವರ ವಾದ. ಅದರಲ್ಲೂ ಅವರ ಕ್ರಮಗಳು! ಅಂಗಳದಲ್ಲಿ ನಿಂತು ಹೇಳಿ ಹೋಗುವಂತಿಲ್ಲ, ಜಗಲಿ ಹತ್ತಿ ಕೂರಬೇಕು. ಕೊಟ್ಟದ್ದನ್ನು ಕುಡಿಯಬೇಕು. ಮೊದಲು ಆರೋಗ್ಯ, ಆಮೇಲೆ ರಬ್ಬರಿನ ರೇಟು, ಆಮೇಲೆ ಅವರ ಮಗಳ ಮನೆಯ ಸುದ್ದಿ. ವಿಷಯ ಬರುವುದು ಏಳುವ ಹೊತ್ತಿಗೆ. ಮನೆಯ ಹಿರಿಯರು ತೋಟಕ್ಕೆ ಹೋಗಿದ್ದರೆ ಕಾಯಬೇಕು, ಪೇಟೆಗೆ ಹೋಗಿದ್ದರೆ ಇನ್ನೊಮ್ಮೆ ಬರಬೇಕು. ಒಂದು ಮನೆಗೆ ಒಂದು ಗಂಟೆ. ಗುಡ್ಡ ಹತ್ತಿ, ತೋಡಿನ ನೀರು ದಾಟಿ, ನಾಯಿಗಳ ಬಾಯಿಂದ ತಪ್ಪಿಸಿಕೊಂಡು, ಹನ್ನೊಂದು ದಿನದಲ್ಲಿ ನಲವತ್ತಮೂರು ಮನೆ. ನಾನು ಪಟ್ಟಿ ಹಿಡಿದು ಹಿಂದೆ ಹಿಂದೆ ನಡೆದೆ. ಅವರು ಹೇಳಿದ ಹೆಸರನ್ನು ಬರೆದೆ, ಪುತ್ತೂರಿಗೆ ಹೋಗಿ ಟೈಪ್ ಮಾಡಿದೆ.

ಒಪ್ಪಬೇಕು, ಫಲ ಸಿಕ್ಕಿತು. ನಲವತ್ತಮೂರರಲ್ಲಿ ಒಂದು ಮನೆಯೂ ಇಲ್ಲ ಅನ್ನಲಿಲ್ಲ. ಲಾರಿಯವರು ಬಂದು ಖಾಲಿ ಹಿಂದಿರುಗಿದರು. "ಪ್ರೇಮಕ್ಕ ಬಂದು ಹೇಳಿದ್ದಾರೆ, ಹಾಗಾಗಿ ಇಟ್ಟದ್ದು" ಎಂದು ಎಲ್ಲರೂ ಮರದಲ್ಲೇ ಕಾಯಿ ಬಿಟ್ಟರು.

ಕೊನೆಗೆ ಸಿಕ್ಕಿ ಬಿದ್ದದ್ದು ಕರೆಂಟಿನಲ್ಲಿ.

ಡ್ರೈಯರಿಗೆ ತ್ರೀ ಫೇಸ್ ಬೇಕು. ಲೈನು ಎಳೆಯಲು ಐದು ಕಂಬ ಹಾಕಬೇಕು, ಐದೂ ಒಬ್ಬರದ್ದೇ ಜಾಗದಲ್ಲಿ ನಿಲ್ಲಬೇಕು. ಆ ಜಾಗ ಗುರುವಪ್ಪಣ್ಣನದ್ದು. ಗುರುವಪ್ಪಣ್ಣ ಎಂದರೆ ಜಯಪ್ರಕಾಶರ ಸ್ವಂತ ಅಣ್ಣ, ಪ್ರೇಮಾವತಿಯಕ್ಕನಿಗೆ ಭಾವ. ಇಪ್ಪತ್ತು ವರ್ಷದ ಹಿಂದೆ ಅಣ್ಣತಮ್ಮಂದಿರ ಪಾಲಾಗಿ ಎರಡು ಮನೆಯಾಗಿದೆ. ಮಧ್ಯೆ ಒಂದು ಬೇಲಿ, ಬೇಲಿಯಲ್ಲಿ ಒಂದು ಸಂದು. ಜಗಳ ಎಂಬುದು ಹೆಸರಿಗೂ ಇಲ್ಲ. ಆ ಸಂದಿನಲ್ಲಿ ದಿನಕ್ಕೆ ಹತ್ತು ಸಲ ಪಲ್ಯದ ಪಾತ್ರೆ ಹೋಗುತ್ತದೆ, ಬರುತ್ತದೆ. ಹಾಗಾಗಿ ಕರೆಂಟ್ ಆಫೀಸಿನವರು "ಜಾಗದವರ ಒಪ್ಪಿಗೆ ಪತ್ರ ಬೇಕು, ಮಾರ್ಚ್ ಮೂವತ್ತೊಂದರ ಒಳಗೆ" ಎಂದಾಗ ನಾನು ನಕ್ಕೆ. "ಅದೆಂತ ದೊಡ್ಡ ವಿಷಯ ಸಾರ್, ನಾಳೆಯೇ ತರ್ತೇನೆ" ಎಂದೂ ಹೇಳಿದೆ. ಆ ತಾರೀಕಿಗೆ ಪತ್ರ ಸೇರದಿದ್ದರೆ ಮಂಜೂರಾತಿ ಬಿದ್ದು ಹೋಗುತ್ತದೆ, ಡ್ರೈಯರ್ ಕಡಬದ ಕಡೆಯ ಇನ್ನೊಂದು ಗುಂಪಿಗೆ ಹೋಗುತ್ತದೆ. ನಲವತ್ತಮೂರು ಮನೆಯ ಕಾಯಿ ಮರದಲ್ಲೇ ಹಣ್ಣಾಗುತ್ತದೆ.

ಮಾರ್ಚ್ ಮೂರಕ್ಕೆ ಗುರುವಪ್ಪಣ್ಣನ ಮನೆಗೆ ಹೋದೆ. ಅರುವತ್ತಾರು ವರ್ಷದ, ತೆಳ್ಳಗಿನ, ಮಿತ ಮಾತಿನ ಮನುಷ್ಯ. ಪತ್ರ ತೆಗೆದುಕೊಂಡರು, ಕನ್ನಡಕ ಹಾಕಿ ಎರಡು ಸಲ ಓದಿದರು, ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು.

"ನೋಡುವ" ಎಂದರು.

ಒಂಬತ್ತನೇ ತಾರೀಕಿಗೆ ಹೋದೆ. "ಎಂತ ಅರ್ಜೆಂಟ್ ಮಾರಾಯ್ರೆ? ಕೂತ್ಕೊಳ್ಳಿ" ಎಂದು ರಬ್ಬರಿಗೆ ಬಂದ ಎಲೆರೋಗದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನನಗೆ ಹೊಳೆಯಿತು: ಓಹೋ, ಕಂಬದ ಸಾಲಿಗೆ ಹದಿನಾಲ್ಕು ರಬ್ಬರ್ ಮರ ಹೋಗುತ್ತದೆ, ಅದರ ಪರಿಹಾರ ಬಾಯಿಬಿಟ್ಟು ಕೇಳಲು ನಾಚಿಕೆ. ಕಂಪೆನಿಯಲ್ಲಿ ಮಾತಾಡಿ ಒಂದು ಮೊತ್ತ ನಿಶ್ಚಯಿಸಿ ಹದಿಮೂರಕ್ಕೆ ಮತ್ತೆ ಹೋದೆ, ವಿಷಯ ತೆಗೆದೆ. ಗುರುವಪ್ಪಣ್ಣ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿ ಮಲಗಿದರು. ಬೆಳಗ್ಗಿನ ಹನ್ನೊಂದು ಗಂಟೆಗೆ!

ಪಂಚಾಯತು ಸದಸ್ಯರನ್ನು ಕರೆದುಕೊಂಡು ಹೋದೆ. ಅವರಿಗೆ ಒಳ್ಳೆಯ ಊಟ ಸಿಕ್ಕಿತು, ಸಹಿ ಸಿಗಲಿಲ್ಲ. "ನೀವು ಸರಿ ಮಾತಾಡುದಿಲ್ಲ ಸುಂದರಣ್ಣ, ನಾನು ನೋಡ್ತೇನೆ" ಎಂದು ಫಯಾಝ್ ಹೋದ. ಅರ್ಧ ಗಂಟೆಯಲ್ಲಿ ಒಂದು ಗೊನೆ ಕದಳಿ ಬಾಳೆಹಣ್ಣು ಹೊತ್ತುಕೊಂಡು ಬಂದ.

"ಸೈನ್ ಎಲ್ಲಿ ಮಾರಾಯ?"

"ಕೇಳಿದೆ. ಬಾಳೆಹಣ್ಣು ಕೊಟ್ರು."

ಇಂಥವರ ಜೊತೆ ಏನು ಮಾಡುವುದು ಹೇಳಿ? ಇಲ್ಲ ಎಂದರೆ ಜಗಳವಾದರೂ ಆಡಬಹುದು. ಈ ಮನುಷ್ಯ ಇಲ್ಲ ಅನ್ನುವುದಿಲ್ಲ, ಹೂಂ ಅನ್ನುವುದಿಲ್ಲ, ಹೊಟ್ಟೆ ತುಂಬ ಕೊಟ್ಟು ಕಳಿಸುತ್ತಾರೆ. ರಸ್ತೆಯ ಬದಿಯಿಂದ ಲೈನು ಎಳೆದರೆ ಹೇಗೆಂದು ವಿಚಾರಿಸಿದೆ. ಹದಿಮೂರು ಕಂಬ, ಹೊಸ ಅಂದಾಜು, ಹೊಸ ಮಂಜೂರಾತಿ. ಮಳೆಗಾಲ ಮುಗಿದ ಮೇಲೆ ನೋಡಬಹುದು ಎಂದರು. ಹಲಸು ಮಳೆಗಾಲ ಮುಗಿಯುವ ತನಕ ಕಾಯುತ್ತದೆಯೇ?

ಇಪ್ಪತ್ತೊಂದನೇ ತಾರೀಕು ಬರಿಗೈಯಲ್ಲಿ ಹೊರಟು ಬೈಕು ಚಾಲು ಮಾಡುತ್ತಿದ್ದೆ. ಗುರುವಪ್ಪಣ್ಣನ ಹೆಂಡತಿ ವಾರಿಜಾಕ್ಷಿಯಕ್ಕ ದನದ ಹಟ್ಟಿಯ ಬದಿಯಿಂದ ಬಂದರು. ಅತ್ತ ಇತ್ತ ನೋಡಿ ಮೆಲ್ಲಗೆ ಹೇಳಿದರು.

"ನೀವು ಸುಮ್ಮನೆ ಪೆಟ್ರೋಲ್ ಸುಡುದು. ದುಡ್ಡಿನದ್ದು ಅಲ್ಲ. ಇಡೀ ಊರಿಗೆ ಹೇಳಿಕೆ ಹೋಯ್ತು. ನಮ್ಮ ಮನೆಗೆ ಬರ್ಲಿಲ್ಲ."

ಬೈಕು ಆಫ್ ಆಯಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಹೇಳಿಕೆ! ಅದಕ್ಕೆ ಹದಿನೆಂಟು ದಿನ! ಕಾಡಿನ ಆಚೆಯ ಮನೆಗೆ ತೋಡು ದಾಟಿ ಹೋದ ಹೆಂಗಸು ಬೇಲಿಯಾಚೆ ಇಪ್ಪತ್ತು ಹೆಜ್ಜೆ ನಡೆಯಲು ಮರೆತಿದ್ದರು. ಸರಿ, ಮರೆತದ್ದು ಮರೆತಾಯಿತು, ಈಗ ಹೋಗಿ ಹೇಳಿದರೆ ಮುಗಿಯಿತಲ್ಲ. ನೆಟ್ಟಗೆ ಪ್ರೇಮಾವತಿಯಕ್ಕನ ಅಂಗಳಕ್ಕೆ ಹೋದೆ. ಅವರು ರಬ್ಬರ್ ಶೀಟು ಒಣಗಲು ಹಾಕುತ್ತಿದ್ದರು.

"ಭಾವನಿಗೆ ಹೇಳಿಕೆಯಾ?" ಎಂದು ಸೊಂಟಕ್ಕೆ ಕೈ ಇಟ್ಟರು. "ಮದುವೆಯಾಗಿ ಬಂದ ವರ್ಷ ನನಗೆ ಜ್ವರ ತಲೆಗೇರಿದಾಗ ಜೀಪು ಮಾಡಿ ಸುಳ್ಯಕ್ಕೆ ಕರ್ಕೊಂಡು ಹೋದವ್ರು ಅವ್ರು. ಹದಿನೈದು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ರು. ಅವ್ರ ಮನೆಗೆ ನಾನು ಹೊರಗಿನವರ ಹಾಗೆ ಹೋಗಿ ಜಗಲಿಯಲ್ಲಿ ಕೂತು ‘ನೀವೂ ಬನ್ನಿ’ ಅಂತ ಹೇಳುದಾ? ಅದು ಅವ್ರಿಗೆ ಅವಮಾನ ಮಾಡಿದ ಹಾಗೆ."

"ಅವಮಾನ ಅಲ್ಲ ಅಕ್ಕ, ಅವ್ರಿಗೆ ಅದೇ ಬೇಕಾದ್ದು!"

"ನಿಮ್ಗೆ ಗೊತ್ತಿಲ್ಲ ಸುಂದರಣ್ಣ. ಹೇಳಿಕೆ ಬೇರೆ ಮನೆಗೆ. ಅವ್ರು ನಮ್ಮವ್ರು."

"ಪಾಲಾಗಿ ಇಪ್ಪತ್ತು ವರ್ಷ ಆಯ್ತು. ಒಲೆ ಬೇರೆ, ರೇಷನ್ ಕಾರ್ಡ್ ಬೇರೆ!"

"ರೇಷನ್ ಕಾರ್ಡಿನ ಲೆಕ್ಕ ನೀವು ಆಫೀಸಲ್ಲಿ ಇಟ್ಕೊಳ್ಳಿ."

ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದದ್ದು ಹೇಳಿದೆ. ಅವರಿಗೂ ಹುಚ್ಚು, ನಿಮಗೂ ಹುಚ್ಚು, ನಿಮ್ಮ ಬೇಲಿಯ ಎರಡು ಬದಿಯ ಹುಚ್ಚಿನಲ್ಲಿ ಊರಿನವರ ಕಾಯಿ ಹಣ್ಣಾಗುತ್ತದೆ ಎಂದೆ. ಪ್ರೇಮಾವತಿಯಕ್ಕ ಒದ್ದೆ ಶೀಟನ್ನು ಎರಡು ಸಲ ಜಾಡಿಸಿ ಹಗ್ಗಕ್ಕೆ ಹಾಕಿದರು. ಜಯಪ್ರಕಾಶರು ಒಳಗಿನಿಂದ ರೇಡಿಯೋ ಜೋರು ಮಾಡಿದರು. ಐದು ದಿನ ನಾನು ಆ ಕಡೆ ತಲೆ ಹಾಕಲಿಲ್ಲ.

ಇಪ್ಪತ್ತಾರಕ್ಕೆ ಫಯಾಝನ ಫೋನು ಬಂತು. ಮೊನ್ನೆ ಆ ಕಡೆ ಆನೆ ಬಂದಿದೆ, ಎರಡು ಮನೆಯ ಬಾಳೆ ಸಂಪೂರ್ಣ ಹೋಗಿದೆ, ಜನ ಪ್ರೇಮಕ್ಕನನ್ನು ಬೈಯುತ್ತಿದ್ದಾರೆ ಎಂದ. ಬೈಕು ತೆಗೆದುಕೊಂಡು ಓಡಿದೆ. ಹಾಲು ಸೊಸೈಟಿಯ ಕಟ್ಟಡದ ಎದುರು ಸಂಘದ ಹೆಂಗಸರು ನಿಂತಿದ್ದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ದೀಕ್ಷಿತಾ. ಬಾಳೆ ಕಳೆದುಕೊಂಡ ಎರಡು ಮನೆಯಲ್ಲಿ ಒಂದು ಅವಳದ್ದೇ.

"ಅಕ್ಕ, ನಿಮ್ಮ ಮಾತಿಗೆ ಕಾಯಿ ಇಟ್ಟದ್ದು" ಎಂದಳು ದೀಕ್ಷಿತಾ. "ಲಾರಿಗೆ ಕೊಡ್ತಿದ್ರೆ ಆನೆ ಬರ್ತಿರ್ಲಿಲ್ಲ. ನಿಮ್ಮಿಂದ ಆಗುದಿಲ್ಲ ಅಂತಾದ್ರೆ ಇವತ್ತೇ ಹೇಳಿ. ನಾಳೆ ಲಾರಿಯವರಿಗೆ ಫೋನ್ ಮಾಡ್ತೇವೆ. ಅವ್ರು ಅರ್ಧ ರೇಟಿಗಾದ್ರೂ ತೆಕ್ಕೊಳ್ತಾರೆ."

ಮುನ್ನೂರು ಮರ ಟ್ಯಾಪ್ ಮಾಡುವ ಪ್ರೇಮಾವತಿಯಕ್ಕ ಕಟ್ಟಡದ ಮೆಟ್ಟಿಲಿನಲ್ಲಿ ಕೂತುಬಿಟ್ಟರು. ಅವರ ಬೆನ್ನ ಹಿಂದಿನ ಕೋಣೆಯಲ್ಲಿ ಡ್ರೈಯರ್ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ನಿಂತಿತ್ತು. ಅದರ ಭಾರವೆಲ್ಲ ಅವರ ಮೇಲೆ ಬಿದ್ದಂತೆ ಕಾಣುತ್ತಿತ್ತು. ನನಗೆ ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಮೂವತ್ತರ ತನಕ ಸಮಯ ಕೊಡಿ" ಎಂದರು ಕೊನೆಗೆ.

ಇನ್ನೂ ನಾಲ್ಕು ದಿನ ಏನಕ್ಕೆ ಎಂದು ಕೇಳಬೇಡಿ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಅವರಿಗೆ ನಾಲ್ಕೂ ದಿನ ಬೇಕಾಯಿತು ಅಂತ ಕಾಣುತ್ತದೆ.

ಮೂವತ್ತರ ಬೆಳಗ್ಗೆ ಒಂಬತ್ತಕ್ಕೆ ನಾನು ತಲಪಿದಾಗ ಅವರು ಪೇಟೆಗೆ ಹೋಗುವ ಸೀರೆ ಉಟ್ಟು ನಿಂತಿದ್ದರು. ಬೇಲಿಯ ಸಂದಿನಲ್ಲಿ ಹೋಗಲಿಲ್ಲ. ರಸ್ತೆಗೆ ಇಳಿದು, ಸುತ್ತು ಬಳಸಿ, ಗುರುವಪ್ಪಣ್ಣನ ಗೇಟು ತೆಗೆದು ಎದುರಿನ ಅಂಗಳಕ್ಕೆ ನಡೆದರು. ನಾನು ಪಟ್ಟಿಯ ಫೈಲು ಹಿಡಿದು ಹಿಂದೆ. ಗುರುವಪ್ಪಣ್ಣ ಜಗಲಿಯಲ್ಲಿ ಬರಿ ಮೈಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ತಲೆ ಎತ್ತಿದವರು ತಮ್ಮನ ಹೆಂಡತಿ ಗೇಟಿನಿಂದ ಬರುವುದನ್ನು ಕಂಡು ಧಡಕ್ಕನೆ ಎದ್ದು ಒಳಗೆ ಹೋದರು. ಇವತ್ತೂ ಮಲಗಿದರು ಎಂದುಕೊಂಡೆ. ಅಂಗಿ ಹಾಕಿಕೊಂಡು ಬಂದರು.

"ಬಾ" ಎಂದರು. "ಕೂತ್ಕೋ."

ಅಕ್ಕ ಬೆಂಚಿನ ತುದಿಯಲ್ಲಿ ಕೂತರು. ವಾರಿಜಾಕ್ಷಿಯಕ್ಕ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ತಂದಿಟ್ಟರು. ಅರ್ಧ ಗಂಟೆಯ ಹಿಂದೆ ಕೋಳಿ ಬಸಳೆ ಕೆದಕಿತು ಎಂದು ಬೇಲಿಯಾಚೆಯಿಂದ ಬೊಬ್ಬೆ ಹೊಡೆದವರು ಇದೇ ಇಬ್ಬರು. ಈಗ ನೋಡಿದರೆ, "ಹೇಗಿದ್ದೀರಿ ಅಕ್ಕ, ಕಾಲುನೋವು ಕಡಿಮೆ ಉಂಟಾ?" ಎಂದು ಒಬ್ಬರು, "ದೇವರ ದಯೆ, ಪರವಾಗಿಲ್ಲ" ಎಂದು ಇನ್ನೊಬ್ಬರು! ರಬ್ಬರಿನ ರೇಟು ಬಂತು. ಸೆಕೆ ಬಂತು. ನನ್ನ ಕಣ್ಣು ಕ್ಯಾಲೆಂಡರಿನ ಮೇಲೆಯೇ ಇತ್ತು. ಪತ್ರ ನಾಳೆಯೊಳಗೆ ಸುಳ್ಯಕ್ಕೆ ಮುಟ್ಟಬೇಕು, ಇವರಿಗೆ ಸೆಕೆಯ ಚಿಂತೆ.

ಕೊನೆಗೆ ಅಕ್ಕ ಎದ್ದು ನಿಂತರು. ಸೆರಗು ಸರಿ ಮಾಡಿಕೊಂಡರು.

"ಭಾವ, ನಾವು ಊರವರೆಲ್ಲ ಸೇರಿ ಹಲಸಿನದ್ದು ಒಂದು ಕೆಲಸ ಶುರು ಮಾಡುದು ಅಂತ ಉಂಟು. ನೀವೂ ಅಕ್ಕನೂ ಬಂದು ನಿಂತು ನಡೆಸಿಕೊಡಬೇಕು. ಅದನ್ನು ಹೇಳಿ ಹೋಗುವ ಅಂತ ಬಂದದ್ದು."

ಗುರುವಪ್ಪಣ್ಣ ಕ್ಯಾಲೆಂಡರಿನ ಹಿಂದಿನಿಂದ ಪತ್ರ ತೆಗೆದು ನನ್ನ ಕೈಗೆ ಕೊಟ್ಟರು. ಪೆನ್ನು ತೆಗೆಯಲು ಕಿಸೆಗೆ ಕೈ ಹಾಕಿದ ನಾನು ಹಾಗೇ ನಿಂತೆ. ಸಹಿ ಆಗಿತ್ತು. ಕೆಳಗೆ ದಿನಾಂಕ, ಮಾರ್ಚ್ ಮೂರು.

ನನಗೆ ತಡೆಯಲಾಗಲಿಲ್ಲ. "ಎಂತ ಗುರುವಪ್ಪಣ್ಣ ಇದು! ಅಂದೇ ಸೈನ್ ಹಾಕಿದ್ದೀರಿ! ಇಪ್ಪತ್ತೇಳು ದಿನ ನಾನು ನಾಯಿ ಹಾಗೆ ತಿರುಗಿದ್ದೇನೆ, ಆನೆ ಬಂದು ಹೋಗಿದೆ, ನಿಮ್ಮ ತಮ್ಮನ ಹೆಂಡತಿಗೆ ಊರೆಲ್ಲ ಬೈದಿದೆ..."

"ನೀವು ಕೇಳಿದ್ದು ಸೈನ್. ನೀವು ಆಚೆ ಹೋದ ಕೂಡ್ಲೇ ಹಾಕಿದ್ದೇನೆ." ಅವರ ಸ್ವರ ಸ್ವಲ್ಪವೂ ಏರಲಿಲ್ಲ. "ಆ ಫೈಲಲ್ಲಿ ಪಟ್ಟಿ ಉಂಟಲ್ವಾ? ಅದ್ರಲ್ಲಿ ನನ್ನ ಹೆಸರು ಎಷ್ಟನೆಯದ್ದು ನೋಡಿ ಹೇಳಿ."

ಫೈಲು ತೆರೆದೆ. ಒಂದರಿಂದ ನಲವತ್ತಮೂರರ ತನಕ ಬೆರಳಿಟ್ಟು ಹೋದೆ. ಇನ್ನೊಮ್ಮೆ ಹೋದೆ. ಅವರ ಹೆಸರು ಎಲ್ಲೂ ಇರಲಿಲ್ಲ. ಟೈಪ್ ಮಾಡಿದವನು ನಾನು. ಆ ಜಗಲಿಗೆ ಐದು ಸಲ ಬಂದು ಕೂತು ಬಾಳೆಲೆಯಲ್ಲಿ ಉಂಡವನು ನಾನು. ಒಮ್ಮೆಯೂ ಅದು ನನ್ನ ತಲೆಗೆ ಹೋಗಿರಲಿಲ್ಲ.

"ಕಂಬಕ್ಕೆ ನನ್ನ ಜಾಗ ಬೇಕು. ಕೆಲ್ಸಕ್ಕೆ ನಾನು ಬೇಡ" ಎಂದರು ಗುರುವಪ್ಪಣ್ಣ. "ಕೊಡುದಕ್ಕೆ ನನಗೆ ಬೇಜಾರಿಲ್ಲ. ಆದ್ರೆ ಹೀಗೆಯೇ ಆಗುದು ಮಾರಾಯ್ರೆ ಯಾವಾಗ್ಲೂ. ಊರವರು ಏನಾದ್ರೂ ಇದ್ರೆ, ಗುರುವಪ್ಪನಿಗೆ ತಮ್ಮನ ಮನೆಯವರು ಹೇಳ್ತಾರೆ ಅಂತ ಬಿಡ್ತಾರೆ. ತಮ್ಮನ ಮನೆಯವರು, ಅವ್ರು ನಮ್ಮವ್ರೇ ಅಲ್ವಾ, ಹೇಳ್ಲಿಕ್ಕೆ ಎಂತ ಉಂಟು ಅಂತ ಬಿಡ್ತಾರೆ. ಪಾಲಾದ ಮೇಲೆ ಒಂದು ಒಳ್ಳೆ ಕೆಲ್ಸಕ್ಕೆ ಅಂತ ಈ ಜಗಲಿ ಹತ್ತಿ ಯಾರೂ ಬರ್ಲಿಲ್ಲ. ಇಪ್ಪತ್ತು ವರ್ಷ."

"ಒಂದು ಮಾತು ನನ್ಗೆ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ಭಾವ?" ಪ್ರೇಮಾವತಿಯಕ್ಕ ಬೈಯುವುದನ್ನು ಬಿಡಲಿಲ್ಲ. "ಬೇಲಿ ಹತ್ರ ನಿಂತು ಒಂದು ಮಾತು!"

"ನನ್ನನ್ನು ಕರಿ ಅಂತ ನಾನೇ ಕೇಳುದಾ?"

ಅಕ್ಕ ಮತ್ತೆ ಬೆಂಚಿನಲ್ಲಿ ಕೂತರು, ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಪೆನ್ನು ತೆಗೆದು ನಲವತ್ತಮೂರರ ಕೆಳಗೆ ಕೈಯಲ್ಲೇ ಗುರುವಪ್ಪಣ್ಣನ ಹೆಸರು ಬರೆದೆ. ಪಟ್ಟಿಯಲ್ಲಿ ಒಂದು ಕಾಲಂ ಇತ್ತು, ಎಷ್ಟು ಮರ ಎಂದು. ಕೇಳಿದೆ.

"ಹನ್ನೆರಡು" ಎಂದರು ಗುರುವಪ್ಪಣ್ಣ.

ಊರಿನಲ್ಲಿ ಬೇರೆ ಯಾರಿಗೂ ಐದಾರಕ್ಕಿಂತ ಹೆಚ್ಚು ಇರಲಿಲ್ಲ. ಅದೂ ಮನೆಯ ಹಿಂದಿನ ಗುಡ್ಡದ ಆಚೆಯ ಇಳಿಜಾರಿನಲ್ಲಿ, ಬೇರೆಯವರದ್ದಕ್ಕಿಂತ ಒಂದು ತಿಂಗಳು ಮೊದಲೇ ಬಲಿಯುವ ಮರಗಳಂತೆ. "ಭಾವ ಪ್ರತಿ ವರ್ಷ ಮೊದಲ ಲಾರಿಗೇ ಕೊಡುದು, ಈ ಸಲವೂ ಕೊಟ್ಟಾಗಿರ್ಬೇಕು" ಎಂದರು ಅಕ್ಕ, ತನಗೆ ತಾನೇ ಎಂಬಂತೆ. ಗುರುವಪ್ಪಣ್ಣ ಕತ್ತಿ ಎತ್ತಿಕೊಂಡು ತೋಟಕ್ಕೆ ಇಳಿದರು.

ವಾರಿಜಾಕ್ಷಿಯಕ್ಕ ನಮ್ಮನ್ನು ಹಿಂದಿನ ಇಳಿಜಾರಿಗೆ ಕರೆದುಕೊಂಡು ಹೋದರು. ದೂರದಿಂದಲೇ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಹನ್ನೆರಡು ಮರದ ಅಡಿಯಲ್ಲೂ ಹಣ್ಣುಗಳು ಬಿದ್ದು, ಒಡೆದು, ನೊಣ ಕೂತಿದ್ದವು. ಕೆಲವನ್ನು ಆನೆ ಮೆಟ್ಟಿತ್ತು. ಮರದಲ್ಲಿ ಉಳಿದದ್ದು ಬರಿಯ ತೊಟ್ಟುಗಳು.

"ಲಾರಿಯವರು ಎರಡು ಸಲ ಬಂದ್ರು" ಎಂದರು ವಾರಿಜಾಕ್ಷಿಯಕ್ಕ. "ಹೋದ ವರ್ಷಕ್ಕಿಂತ ಹೆಚ್ಚು ಕೊಡ್ತೇವೆ ಅಂತ ಹೇಳಿದ್ರು. ಇವ್ರು ಕೊಡ್ಲಿಲ್ಲ. ಪ್ರೇಮ ಇವತ್ತು ಬರ್ತಾಳೆ, ನಾಳೆ ಬರ್ತಾಳೆ, ಬಂದಾಗ ಮರದಲ್ಲಿ ಕಾಯಿ ಇಲ್ದಿದ್ರೆ ಮರ್ಯಾದೆಯಾ ಅಂತ ಇಟ್ಟದ್ದು."

ಪ್ರೇಮಾವತಿಯಕ್ಕ ಪೇಟೆಯ ಸೀರೆಯಲ್ಲೇ ಆ ಕೊಳೆತ ಹಣ್ಣುಗಳ ಮಧ್ಯೆ ನಿಂತಿದ್ದರು. ನಾನು ಒಪ್ಪಿಗೆ ಪತ್ರ ಕಿಸೆಗೆ ಹಾಕಿ ಸುಳ್ಯಕ್ಕೆ ಹೊರಟೆ. ಏಪ್ರಿಲ್ ಮೂರನೆಯ ವಾರ ಡ್ರೈಯರ್ ಚಾಲು ಆಯಿತು. ಆ ವರ್ಷ ನಲವತ್ತಮೂರು ಮನೆಯ ಹಲಸು ಅದರಲ್ಲಿ ಒಣಗಿತು. ಗುರುವಪ್ಪಣ್ಣನ ಹೆಸರಿನ ಎದುರು ನಾನು ಸೊನ್ನೆ ಬರೆಯಬೇಕಾಯಿತು.